ಮೇಡಂ ಮುಚ್ಚಿದ ಡಿಕ್ಕಿ

ಮೇಡಂ ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಹೇಳಿದ್ದರು. ಅಷ್ಟು ವರ್ಷದಲ್ಲಿ ವಿದ್ಯುತ್ತು ಒಮ್ಮೆಯೂ ಅವರಿಗೆ ಎದುರು ಮಾತಾಡಿದ್ದಿಲ್ಲ. ಕರಿಹಲಗೆಯ ಮೇಲೆ ಅವರು ಬಾಣ ಬರೆದ ಕಡೆಗೆ ಹರಿಯುತ್ತಿತ್ತು, ಒರೆಸಿದರೆ ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೆ ಕೊಂಡ ಕಾರಿನೊಳಗಿನ ವಿದ್ಯುತ್ತು ಮಾತ್ರ ಅಂಥ ವಿಧೇಯ ವಿದ್ಯಾರ್ಥಿಯಲ್ಲ ಎಂಬುದು ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಅವರಿಗೆ ಗೊತ್ತಾಯಿತು.

ಶೆಡ್ಡಿಗೆ ಹೋಗಿ, ಕಾರಿನಲ್ಲಿ ಕೂತು, ಗುಂಡಿ ಒತ್ತಿದರು. ಕಾರು ಒಂದು ಸಲ ಕೆಮ್ಮಿತು. ಎದುರಿನ ಪರದೆಯ ಮೇಲೆ ಏಳೆಂಟು ಬಣ್ಣದ ದೀಪಗಳು ಒಟ್ಟಿಗೇ ಹೊತ್ತಿಕೊಂಡು, ಯಾರೋ ಬೈದಂತೆ ಒಂದೊಂದಾಗಿ ಒಳಗೆ ಹೋದವು. ಬಳಿಕ ಟಕಟಕ ಎಂಬ ಸದ್ದು. ಆಮೇಲೆ ಅದೂ ಇಲ್ಲ.

ಬೇರೆ ದಿನವಾಗಿದ್ದರೆ ಮೇಡಂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವರ ತಂಗಿಯ ಎಡಗಣ್ಣಿನ ಪೊರೆ ತೆಗೆಸುವುದಿತ್ತು. ತಂಗಿ ಇದನ್ನು ಈಗಾಗಲೇ ಎರಡು ಸಲ ತಪ್ಪಿಸಿಕೊಂಡಿದ್ದಳು. ಮೊದಲನೆಯ ಸಲ ನೆಗಡಿ. ಅದು ಆಸ್ಪತ್ರೆಗೆ ಫೋನ್ ಮಾಡುವಾಗ ಬಂದು, ಫೋನ್ ಇಟ್ಟ ತಕ್ಷಣ ವಾಸಿಯಾಗಿತ್ತು. ಎರಡನೆಯ ಸಲ, ಅವತ್ತು ನಲ್ಲಿಯಲ್ಲಿ ನೀರು ಬಿಡುವ ದಿನ ಎಂಬ ಕಾರಣ. ಡಾಕ್ಟರು ಈ ಸಲ ನಗಲಿಲ್ಲ. ಪೊರೆ ಗಟ್ಟಿಯಾಗುತ್ತಿದೆ, ಇದನ್ನೂ ಬಿಟ್ಟರೆ ಮುಂದಿನ ಸರದಿ ಐದು ತಿಂಗಳಿಗೆ, ಆಗ ನಾನು ಏನನ್ನೂ ಖಾತ್ರಿಯಾಗಿ ಹೇಳಲಾರೆ ಎಂದಿದ್ದರು. ತಂಗಿ ತಲೆಯಾಡಿಸಿ ಒಂದೇ ಒಂದು ಷರತ್ತು ಹಾಕಿದ್ದಳು.

“ನೀನೇ ಕರ್ಕೊಂಡು ಹೋಗಿ ನೀನೇ ಕರ್ಕೊಂಡು ಬಂದ್ರೆ ಬರ್ತೀನಿ, ಅಕ್ಕ. ಟ್ಯಾಕ್ಸಿ ಗೀಕ್ಸಿ ನಾನು ಹತ್ತಲ್ಲ. ಅವನು ಒಂದು ಗುಂಡಿಗೆ ಎತ್ತಿಹಾಕಿದ ಅಂದ್ರೆ, ಹೊಸ ಲೆನ್ಸು ಗಂಟಲಿಗೆ ಬಂದಿರುತ್ತೆ.”

ಈ ಗುರುವಾರವೇ ಸಂಜೆ ಐದಕ್ಕೆ ಆಸ್ಪತ್ರೆಯವರು ಫೋನ್ ಮಾಡಿ, ಬರುವುದು ನಿಶ್ಚಯವೇ ಎಂದು ಕೇಳುವವರಿದ್ದರು. ಅಷ್ಟರೊಳಗೆ ಕಾರು ಎದ್ದು ನಿಲ್ಲಬೇಕಿತ್ತು.

‘ಬ್ಯಾಟರಿ ತಾನೆ’ ಎಂದುಕೊಂಡರು ಮೇಡಂ. ಆ ‘ತಾನೆ’ ಎಂಬ ಎರಡಕ್ಷರವನ್ನು ಆಮೇಲೆ ಅವರು ಬಹಳ ಸಲ ನೆನೆಸಿಕೊಂಡು ನಾಚಿಕೊಂಡರು.

ನಿಜ ಹೇಳಬೇಕೆಂದರೆ, ಬ್ಯಾಟರಿ ದುರ್ಬಲವಾಗಿದೆ ಎಂದು ಕಾರು ಹದಿನೈದು ದಿನದಿಂದ ಪರದೆಯ ಮೇಲೆ ಬರೆದು ತೋರಿಸುತ್ತಲೇ ಇತ್ತು. ಮೇಡಂ ಉಪೇಕ್ಷೆ ಮಾಡಿರಲಿಲ್ಲ. ಹಿಂದಿನ ಶನಿವಾರವೇ ಅಂಗಡಿಯಿಂದ ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ತಂದಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಪ್ರತಿ ಶನಿವಾರ ಬ್ಯಾಟರಿಗಳ ಆರಾರು ಮುಚ್ಚಳ ತಿರುಗಿಸಿ ತೆಗೆದು, ಗುರುತಿನವರೆಗೆ ನೀರು ತುಂಬಿಸುವುದು ಅವರ ವ್ರತವಾಗಿತ್ತು. ಈ ಕಾರಿನ ಬ್ಯಾಟರಿ ಹಿಂದೆ, ಡಿಕ್ಕಿಯ ನೆಲದಡಿಯಲ್ಲಿತ್ತು. ಹಲಗೆ ಎತ್ತಿ ನೋಡಿದರೆ ಅದಕ್ಕೆ ಮುಚ್ಚಳಗಳೇ ಇಲ್ಲ. ಮೇಲೆ ಅಂಟಿಸಿದ್ದ ದೊಡ್ಡ ಚೀಟಿಯ ಕೆಳಗೆ ಅಡಗಿರಬಹುದೆಂದು ಅಡುಗೆಮನೆಯ ಚಾಕುವಿನಿಂದ ಚೀಟಿಯನ್ನು ಅರ್ಧ ಕೆರೆದರು. ಅಲ್ಲೂ ಇಲ್ಲ. ಬಾಯಿಯೇ ಇಲ್ಲದ ಪ್ರಾಣಿಯನ್ನು ಕಂಡಷ್ಟು ಮರುಕವಾಗಿ, ಅಂಚಿನ ಸಂದಿಯಲ್ಲಿ ಒಂದಿಷ್ಟು ನೀರು ಹನಿಸಿ, ಹಲಗೆ ಮುಚ್ಚಿ ಬಂದಿದ್ದರು. ಕೆರೆದುಹೋದ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ‘ತೆರೆಯಬಾರದು, ನೀರು ಬೇಡ’ ಎಂದಿತ್ತು. ಕನ್ನಡಕ ಹಾಕಿಕೊಂಡಿದ್ದರೆ ಓದಬಹುದಿತ್ತು.

ಈಗ ಅವರ ತರ್ಕ ಬೇರೆಯಾಗಿತ್ತು. ಟರ್ಮಿನಲ್ ಮೇಲೆ ಪಾಚಿಯಂಥದು ಕೂತಿರಬೇಕು; ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಸರಿ. ಕಾರಿನಿಂದಿಳಿದು, ಅಭ್ಯಾಸಬಲದಿಂದ ಬಾಗಿಲುಗಳನ್ನೆಲ್ಲ ಲಾಕ್ ಮಾಡಿದರು. ಆಮೇಲೆ ಡಿಕ್ಕಿಯ ಗುಂಡಿ ಒತ್ತಿದರು. ಡಿಕ್ಕಿ ಕೊನೆಯುಸಿರು ಎಳೆದ ಹಾಗೆ ನಿಧಾನಕ್ಕೆ ತೆರೆದುಕೊಂಡಿತು. ಒಳಗೆ ನಾಳೆಗೆಂದು ಹಿಂದಿನ ದಿನವೇ ಅಣಿ ಮಾಡಿಟ್ಟಿದ್ದ ಚೀಲ, ಟವೆಲು, ತಂಗಿಯ ಕಣ್ಣಿನ ಅಳತೆಗಳೆಲ್ಲ ಇದ್ದ ಆಸ್ಪತ್ರೆಯ ಫೈಲು. ಅವರದು ಯಾವಾಗಲೂ ಮುಂಗಡ ಸಿದ್ಧತೆ. ಅವುಗಳ ಪಕ್ಕದಲ್ಲಿ ತಮ್ಮ ಫೋನ್ ಇಟ್ಟರು. ಹಲಗೆ ಎತ್ತಿ, ಸ್ಪ್ಯಾನರ್ ಹಿಡಿದು, ಮೊದಲು ಋಣ, ಆಮೇಲೆ ಧನ ಎಂದು ಸರಿಯಾದ ಕ್ರಮದಲ್ಲಿ ಎರಡೂ ತಂತಿ ಬಿಚ್ಚಿದರು. ಇಲ್ಲಿಯವರೆಗೆ ನೂರಕ್ಕೆ ನೂರು. ಉಜ್ಜುವ ಕಾಗದ ಒಳಗಿದೆ ಎಂದು ನೆನಪಾಗಿ, ಕನ್ನಡಕ ತೆಗೆದು ಚೀಲದ ಮೇಲಿಟ್ಟರು, ಮನೆಯ ಕಡೆ ಹೊರಟರು. ಹೊರಡುವಾಗ, ಮೂವತ್ತನಾಲ್ಕು ವರ್ಷ ಲ್ಯಾಬಿನ ಕಪಾಟುಗಳ ಮೇಲೆ ‘ಬಳಸಿದ ನಂತರ ಮುಚ್ಚಿರಿ’ ಎಂದು ಸ್ವಂತ ಕೈಯಲ್ಲಿ ಬರೆದು ಅಂಟಿಸಿದ್ದ ಆ ಕೈ ತನ್ನಷ್ಟಕ್ಕೆ ಮೇಲೆದ್ದು ಡಿಕ್ಕಿಯನ್ನು ಮುಚ್ಚಿಬಿಟ್ಟಿತು.

ಟಪ್.

ಮೇಡಂ ಎರಡು ಹೆಜ್ಜೆ ಮುಂದೆ ಹೋಗಿದ್ದರು. ಹಾಗೆಯೇ ನಿಂತರು. ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ವಿದ್ಯುತ್ತು ಇರುವುದು ಬ್ಯಾಟರಿಯಲ್ಲಿ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಇಂಥ ಪ್ರಶ್ನೆಯನ್ನು ಅವರು ಪರೀಕ್ಷೆಗೆ ಕೊಟ್ಟಿದ್ದರೆ ಹುಡುಗರು ಧರಣಿ ಕೂರುತ್ತಿದ್ದರು.

ಕೀಲಿಯ ಗುಂಡಿಯನ್ನು ಇಪ್ಪತ್ತು ಸಲ ಒತ್ತಿದರು. ಕಾರಿನ ಎದುರು ನಿಂತು ಒತ್ತಿದರು, ಹಿಂದೆ ನಿಂತು ಒತ್ತಿದರು. ಕೊನೆಗೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕಾರಿಗೆ ಒಂದು ಸಣ್ಣ ಏಟು ಕೊಟ್ಟರು. ಯಾರೂ ಇಲ್ಲದಿರಲಿಲ್ಲ. ಬಾಗಿಲಲ್ಲಿ ತಂಗಿ ನಿಂತಿದ್ದಳು.

“ಏನಾಯ್ತಕ್ಕ?”

“ಏನೂ ಇಲ್ಲ ಕಣೇ. ಸ್ವಲ್ಪ ಮೇಂಟೆನೆನ್ಸ್.”

“ಹೊಡೆದು ಮಾಡೋ ಮೇಂಟೆನೆನ್ಸಾ?” ಕಣ್ಣು ಮಂಜಾದರೂ ತಂಗಿಗೆ ಇಂಥವೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಗೋಡೆ ಹಿಡಿದುಕೊಂಡು ಶೆಡ್ಡಿಗೆ ಇಳಿದು ಬಂದಳು. “ಹೊರಡಲ್ವಾ ಗಾಡಿ?”

“ಹೊರಡುತ್ತೆ. ಮೊದಲು ಡಿಕ್ಕಿ ತೆಗೀಬೇಕು.”

“ತೆಗಿ ಮತ್ತೆ.”

“ಅದಕ್ಕೆ ಬ್ಯಾಟರಿ ಬೇಕು.”

“ಬ್ಯಾಟರಿ ಎಲ್ಲಿ?”

ಮೇಡಂ ಡಿಕ್ಕಿಯ ಕಡೆ ಬೆರಳು ತೋರಿಸಿದರು. ತಂಗಿ “ನನ್ನ ಫೈಲೂ ಅಲ್ಲೇ ಇದೆ ಅಲ್ವಾ?” ಎಂದಳು. ಅವಳ ದನಿಯಲ್ಲಿ ಮುಚ್ಚಿಟ್ಟುಕೊಳ್ಳಲಾಗದಷ್ಟು ಸಂತೋಷ. “ಅಯ್ಯೋ ಪಾಪ. ಫೈಲಿಲ್ಲದೆ ಹೇಗೆ ಆಪರೇಷನ್ ಮಾಡ್ತಾರೆ? ಐದು ಗಂಟೆಗೆ ಫೋನ್ ಬರುತ್ತಲ್ಲ, ನಾನೇ ಹೇಳಿಬಿಡ್ತೀನಿ ಬಿಡು.”

“ಏನಂತ ಹೇಳ್ತೀಯ? ಡಿಕ್ಕಿ ತೆಗೆಯೋಕಾಗಲಿಲ್ಲ ಅಂತಲಾ?”

“ವಾಹನದ ತೊಂದರೆ ಅಂತ ಗೌರವವಾಗಿ ಹೇಳ್ತೀನಿ. ನಿನ್ನ ಮರ್ಯಾದೆ ನನ್ನ ಕೈಲಿ ಸುರಕ್ಷಿತ.”

ತಂಗಿ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಗೌರವವಾಗಿ ಸುಳ್ಳು ಹೇಳುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮೇಡಂ ಮದುವೆಯಾಗಿರಲಿಲ್ಲ, ತಂಗಿಯ ಗಂಡ ತೀರಿಕೊಂಡಿದ್ದ. ಈ ಹನ್ನೊಂದು ವರ್ಷದಲ್ಲಿ ಮನೆಯ ಬಲ್ಬು, ಫ್ಯೂಸು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಅಕ್ಕನ ಮಾತೇ ಕೊನೆ. ಆ ಅಕ್ಕ ಈಗ ಕನ್ನಡಕವೂ ಇಲ್ಲದೆ, ಫೋನೂ ಇಲ್ಲದೆ, ತನ್ನದೇ ಕಾರಿನ ಹೊರಗೆ ನಿಂತಿದ್ದಳು. ಒಬ್ಬಳಿಗೆ ಪೊರೆ, ಇನ್ನೊಬ್ಬಳಿಗೆ ಚಾಳೀಸು. ಇಬ್ಬರದೂ ಸೇರಿಸಿದರೂ ಒಂದು ಪೂರ್ತಿ ಕಣ್ಣು ಆಗುತ್ತಿರಲಿಲ್ಲ.

ತಂಗಿ ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದಳು. ಅದರಲ್ಲಿ ಏನು ಕಂಡಳೋ, ಒಳಗೆ ಹೋಗಿ ತನ್ನ ಫೋನ್ ತಂದು ಮೆಟ್ಟಿಲ ಮೇಲೆ ಕೂತಳು. ಅಂಕಿಗಳನ್ನು ನೋಡುವ ಅಗತ್ಯವೇ ಅವಳಿಗಿರಲಿಲ್ಲ; ಊರಿನ ಅರ್ಧ ನಂಬರು ಅವಳ ಬೆರಳಿನಲ್ಲಿದ್ದವು. ಮೂಲೆಮನೆಯ ದರ್ಜಿಗೆ ಒಂದು ಕರೆ, ಅವನ ಷಡ್ಡಕನ ಟೈರ್ ಅಂಗಡಿಗೆ ಒಂದು ಕರೆ, ಅಲ್ಲಿಂದ ಮೂರನೆಯದು. “ಹಲೋ, ಬ್ಯಾಟರಿಯವರಾ? ನಮ್ಮಕ್ಕ ಫಿಸಿಕ್ಸ್ ಮೇಡಂ. ಹೌದು, ತುಂಬ ಓದಿದವರು. ಅದಕ್ಕೇ ಸ್ವಲ್ಪ ಬೇಗ ಬರಬೇಕು.”

ನಾಳೆಯದನ್ನು ತಪ್ಪಿಸಿಕೊಳ್ಳಲು ಅಷ್ಟು ಒಳ್ಳೆಯ ನೆಪ ಕೈಗೆ ಬಂದಿದ್ದಾಗ, ಅದನ್ನು ಹಾಳುಮಾಡುವ ಮನುಷ್ಯನನ್ನು ತಾನೇ ಕರೆಸಿದಳಲ್ಲ ಎಂಬುದು ಮೇಡಂಗೆ ಹೊಳೆದದ್ದು ಆಮೇಲೆ, ಅವಳು ಒಳಗೆ ಹೋಗಿ ತರಕಾರಿ ಹೆಚ್ಚುವಾಗ.

ಮೆಕ್ಯಾನಿಕ್ ಎರಡು ಗಂಟೆಗೆ ಒಂದು ಪುಟ್ಟ ವ್ಯಾನಿನಲ್ಲಿ ಬಂದ. ಐವತ್ತರ ಆಸುಪಾಸಿನವನು, ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಮಡಚಿದ ಬಟ್ಟೆ. ಮೇಡಂ ಅವನಿಗೆ ನಡೆದದ್ದನ್ನು ಆದಷ್ಟು ಕರ್ಮಣಿ ಪ್ರಯೋಗದಲ್ಲಿ ವಿವರಿಸಿದರು: ತಂತಿಗಳು ಬಿಚ್ಚಲ್ಪಟ್ಟವು, ಡಿಕ್ಕಿ ಮುಚ್ಚಲ್ಪಟ್ಟಿತು. ಯಾರಿಂದ ಎಂದು ಆತ ಕೇಳಲಿಲ್ಲ.

“ಕೀಲಿ ಕೊಡಿ ಮೇಡಂ.”

“ಅದು ಕೆಲಸ ಮಾಡ್ತಿಲ್ಲ.”

ಆತ ಕೀಲಿಯ ಪಕ್ಕದ ಒಂದು ಸಣ್ಣ ಚಿಲಕ ಒತ್ತಿದ. ಅದರ ಹೊಟ್ಟೆಯೊಳಗಿಂದ ಮತ್ತೊಂದು ಕೀಲಿ ಹೊರಬಂತು. ಸಾದಾ, ಉಕ್ಕಿನ, ಹಳೆಯ ಕಾಲದ ಬೀರುವಿನ ಕೀಲಿಯಂಥದು. ಅದನ್ನು ನಾಲ್ಕು ವರ್ಷದಿಂದ ಮೇಡಂ ಕೈಯಲ್ಲಿ ಹಿಡಿದು ಓಡಾಡಿದ್ದರು.

“ಇದರೊಳಗೆ ಇದಿತ್ತಾ!”

“ಎಲ್ಲರೂ ಹೀಗೇ ಅಂತಾರೆ ಮೇಡಂ,” ಎಂದ ಆತ. ಎಲ್ಲರೂ ಹಾಗೆ ಅನ್ನುವುದಿಲ್ಲ ಎಂದು ಅವರಿಗೆ ಅನುಮಾನವಿತ್ತು. ಆದರೂ ಆ ಮಾತು ಬಿಸಿಲಲ್ಲಿ ಕೊಡೆ ಹಿಡಿದ ಹಾಗಿತ್ತು.

ಆ ಕೀಲಿಯಿಂದ ಮುಂದಿನ ಬಾಗಿಲು ತೆರೆಯಿತು. ಒಳಗಿನ ಹಿಡಿ ಎಳೆದರೆ ಬಾನೆಟ್ ತೆರೆಯಿತು. ಬಾನೆಟ್ಟಿನಡಿ, ಒಂದು ಕೆಂಪು ಮುಚ್ಚಳದ ಕೆಳಗೆ, ಹೊರಗಿನಿಂದ ವಿದ್ಯುತ್ ಕೊಡಲೆಂದೇ ಮಾಡಿದ ಒಂದು ಮೊಳೆಯಂಥ ಟರ್ಮಿನಲ್ ಇತ್ತು. ತನ್ನ ವ್ಯಾನಿನ ಬ್ಯಾಟರಿಯಿಂದ ಆತ ಅಲ್ಲಿಗೆ ತಂತಿ ಕೊಟ್ಟ. ಹಿಂದೆ ಡಿಕ್ಕಿ ಏನೂ ಆಗಿಲ್ಲವೆಂಬಂತೆ ಬಾಯಿ ತೆರೆಯಿತು. ಮೇಡಂ ಮೊದಲು ಫೈಲು ಎತ್ತಿಕೊಂಡರು, ಆಮೇಲೆ ಕನ್ನಡಕ.

ಆತ ಹಲಗೆ ಎತ್ತಿ ಬಾಗಿದ. “ಇದೇನಿದು, ಯಾರೋ ಇಲ್ಲಿ ಚೀಟಿ...” ಎಂದವನು ತಲೆಯೆತ್ತಿ ಮೇಡಂ ಮುಖ ನೋಡಿ, ಮಾತನ್ನು ಅಲ್ಲೇ ನುಂಗಿದ. ಜೇಬಿನ ಬಟ್ಟೆ ತೆಗೆದು, ಅಂಚಿನಲ್ಲಿ ನಿಂತಿದ್ದ ನೀರನ್ನು ಒರೆಸಿ, ಬಟ್ಟೆಯನ್ನು ಹಿಂಡಿ, ಮತ್ತೆ ಜೇಬಿಗೆ ತುರುಕಿಕೊಂಡ. ಮೇಡಂ ಮೇಲ್ಛಾವಣಿಯ ಕಡೆ ನೋಡುತ್ತ ನಿಂತರು.

“ಇದು ಸೀಲ್ ಮಾಡಿರೋ ಬ್ಯಾಟರಿ ಮೇಡಂ. ಇದಕ್ಕೆ ನೀರು ಗೀರು ಏನೂ ಕೇಳಲ್ಲ,” ಎಂದ, ಗಾಳಿಗೆ ಹೇಳಿದಂತೆ. “ಹೊಸದು ಹಾಕೋವಾಗಲೂ ಇದೇ ಜಾತಿ ಹಾಕಬೇಕು. ಅಳತೆ ಒಂದೇ ಅಂತ ಬೇರೇದು ಕೂರಿಸಿದ್ರೆ ವರ್ಷ ಬಾಳಲ್ಲ. ಸಿಗ್ನಲ್‌ನಲ್ಲಿ ಇಂಜಿನ್ ತಾನಾಗೇ ನಿಂತು ತಾನಾಗೇ ಏಳುತ್ತಲ್ಲ, ಅದಕ್ಕೆಲ್ಲ ತಡಕೊಳ್ಳೋ ಬ್ಯಾಟರಿ ಬೇಕು.”

ಮೀಟರ್ ಹಚ್ಚಿ ನೋಡಿದ. ಹಳೆಯದು ಮತ್ತೆ ಮತ್ತೆ ಬರಿದಾಗಿ ಒಳಗೇ ಕೆಟ್ಟುಹೋಗಿತ್ತು. ಚಾರ್ಜ್ ಮಾಡಿದರೂ ನಿಲ್ಲುತ್ತಿರಲಿಲ್ಲ. ವ್ಯಾನಿನಿಂದ ಹೊಸದನ್ನು ತಂದ. ಕೂರಿಸುವಾಗ ಸ್ಪ್ಯಾನರನ್ನು ಮೇಡಂ ಕೈಗೆ ಕೊಟ್ಟು, “ಮೊದಲು ಯಾವುದು ಮೇಡಂ?” ಎಂದ.

“ಈಗ ಧನ. ಆಮೇಲೆ ಋಣ.”

“ಕರೆಕ್ಟ್. ನೀವೇ ಬಿಗೀರಿ.”

ಮೇಡಂ ಬಿಗಿದರು. ಆತ ಇನ್ನೊಮ್ಮೆ ಬಿಗಿದು ನೋಡಲಿಲ್ಲ. ಅಂದರೆ, ಅವರು ಕನ್ನಡಕ ಒರೆಸಿಕೊಳ್ಳುವಾಗ ನೋಡಿದ. ಅದು ಅವರಿಗೆ ಕಂಡಿತು, ಕಾಣದ ಹಾಗೆ ಇದ್ದರು.

ಅಷ್ಟಕ್ಕೆ ಮುಗಿಯಿತೆಂದು ಅವರು ತಿಳಿದಿದ್ದರು. ಆತ ಸ್ಟೀರಿಂಗಿನ ಕೆಳಗೆ ಒಂದು ಪುಟ್ಟ ಯಂತ್ರದ ತಂತಿ ಸಿಕ್ಕಿಸಿದ. “ಈಗ ಗಾಡಿಗೆ ಹೊಸ ಬ್ಯಾಟರಿ ಬಂದಿದೆ ಅಂತ ಹೇಳಬೇಕು.”

“ಅದಕ್ಕೆ ಗೊತ್ತಾಗಲ್ವಾ?”

“ಇಲ್ಲ ಮೇಡಂ. ಹಳೇದಕ್ಕೆ ವಯಸ್ಸಾಗಿದೆ ಅಂತ ಅಷ್ಟೇ ಅದರ ತಲೇಲಿ ಕೂತಿರೋದು. ಹೇಳದಿದ್ರೆ ಹೊಸದಕ್ಕೂ ಮುದುಕರಿಗೆ ಬಡಿಸಿದ ಹಾಗೇ ಚಾರ್ಜ್ ಮಾಡ್ತಿರುತ್ತೆ. ಬೇಗ ಹಾಳಾಗುತ್ತೆ.”

ಮುದುಕರಿಗೆ ಮುದುಕರೆಂದು ಯಾರು ಹೋಗಿ ಹೇಳಬೇಕು ಎಂದು ಮೇಡಂಗೆ ಕೇಳಬೇಕೆನಿಸಿತು. ಆ ಯಂತ್ರದ ಇನ್ನೊಂದು ತುದಿಯನ್ನು ತಮಗೆ ಸಿಕ್ಕಿಸಿಬಿಟ್ಟಾನು ಎಂದು ಸುಮ್ಮನಾದರು.

“ಒಂದು ಮಾತು,” ಎಂದ ಆತ ದನಿ ತಗ್ಗಿಸಿ. “ನಾಲ್ಕು ವರ್ಷಕ್ಕೇ ಇಷ್ಟು ಕೆಡಬಾರದು. ಎಲ್ಲೋ ಸೋರ್ತಿದೆ. ಇಂಜಿನ್ ಆಫ್ ಮಾಡಿ ರೇಡಿಯೋ ಗೀಡಿಯೋ ಕೇಳ್ತೀರಾ?”

ಮೇಡಂ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಆಮೇಲೆ ಅವರ ದನಿಯೂ ತಗ್ಗಿತು. “ದಿನಾ ಮಧ್ಯಾಹ್ನ. ಒಂದು ಗಂಟೆ.”

“ದಿನಾ?”

“ಅವಳು ಬಹಳ ಮಾತಾಡ್ತಾಳೆ,” ಎಂದರು ಮೇಡಂ. “ಗಾಡಿ ಒರೆಸಿ ಬರ್ತೀನಿ ಅಂತ ಬಂದು ಕೂತಿರ್ತೀನಿ.”

ಆತ ಗಂಭೀರವಾಗಿ ತಲೆಯಾಡಿಸಿದ. ಮನೆಯಲ್ಲಿ ಅವನಿಗೂ ಯಾರೋ ಮಾತಾಡುವವರಿದ್ದಿರಬೇಕು. ಬಳಿಕ ಕಾರನ್ನೆಲ್ಲ ಮುಚ್ಚಿ, ಡಿಕ್ಕಿಯನ್ನು ಮಾತ್ರ ತೆರೆದೇ ಇಟ್ಟು, ಅದರ ಬೀಗವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಹಾಗೆ ನಂಬಿಸಿ, ಬ್ಯಾಟರಿಗೆ ಮೀಟರ್ ಸೇರಿಸಿ ಕಾದು ಕೂತ. ಕಾರು ಮಲಗಿದರೆ ಅದು ಎಳೆಯುವ ಕರೆಂಟಿನ ಅಂಕಿ ಇಳಿಯಬೇಕು ಎಂದ. ಇಳಿಯಲಿಲ್ಲ. ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು, ನಿದ್ದೆಯಲ್ಲಿ ಬೆಚ್ಚುವ ಮಗುವಿನಂತೆ.

“ಕೀಲಿ ಎಲ್ಲಿಟ್ಟಿದೀರಿ?”

“ಅದರ ಜಾಗದಲ್ಲಿ,” ಎಂದರು ಮೇಡಂ ಹೆಮ್ಮೆಯಿಂದ. ಯಾವ ವಸ್ತುವಿಗೂ ಒಂದು ಜಾಗ ಇರಬೇಕೆಂಬುದು ಅವರ ಬಾಳಿನ ಸೂತ್ರ. ಶೆಡ್ಡಿನಿಂದ ಮನೆಗೆ ಹೋಗುವ ಬಾಗಿಲ ಪಕ್ಕದಲ್ಲೇ ಒಂದು ಮೊಳೆ. ಕೀಲಿ ಯಾವಾಗಲೂ ಅಲ್ಲೇ. ಕಾರಿನ ಬಾಗಿಲಿಗೂ ಅದಕ್ಕೂ ಒಂದು ಮಾರು ದೂರವೂ ಇರಲಿಲ್ಲ.

“ಅದನ್ನ ತಗೊಂಡು ಅಡುಗೆಮನೆಗೆ ಹೋಗಿ ನಿಂತ್ಕೊಳ್ಳಿ ಮೇಡಂ.”

ಮೇಡಂ ಕೀಲಿ ಹಿಡಿದು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ನಿಂತರು. ತಂಗಿ ತಿರುಗಿ ನೋಡಿದಳು. “ಏನು?”

“ಪ್ರಯೋಗ.”

“ನನ್ನ ಮೇಲಾ?”

ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಆತ ಕೂಗಿದ: “ಇಳೀತು ಮೇಡಂ! ಮಲಗಿತು!” ಮೇಡಂ ಕೀಲಿಯೊಂದಿಗೆ ವಾಪಸು ಬಂದರು. ಅಂಕಿ ಏರಿತು. ಮತ್ತೆ ಅಡುಗೆಮನೆಗೆ ಹೋದರು. ಇಳಿಯಿತು. ಮೂರು ಸಲ ಮಾಡಿದರು. ಮೂರನೆಯದು ಕೇವಲ ಆನಂದಕ್ಕೆ. ಕೀಲಿ ಹತ್ತಿರ ನೇತಾಡುತ್ತಿದ್ದರೆ, ಯಜಮಾನಿ ಬಂದಳು, ಈಗ ಬಾಗಿಲು ತೆಗೆಯಬೇಕು ಎಂದು ಕಾರು ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ನಾಲ್ಕು ವರ್ಷ ಅದು ಒಂದು ರಾತ್ರಿಯೂ ನೆಮ್ಮದಿಯಾಗಿ ನಿದ್ದೆ ಮಾಡಿರಲಿಲ್ಲ. ಶಿಸ್ತಿನಿಂದ ಒಂದು ಬ್ಯಾಟರಿಯನ್ನು ಕೊಲ್ಲಬಹುದು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಎಷ್ಟಾದರೂ ತಾನು ಕಲಿಸಿದ್ದು ಪುಸ್ತಕದ ಬದನೆಕಾಯಿ; ಅಡುಗೆಗೆ ಬರುವುದು ಬೇರೆ ಎಂದುಕೊಂಡರು.

ನಾಲ್ಕೂವರೆಗೆ ಆತ ಕೈ ತೊಳೆದು, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕಾರು ಒಂದೇ ಸಲಕ್ಕೆ ಎದ್ದಿತ್ತು. ತಂಗಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಒಳಗಡೆ ಕುರ್ಚಿಯ ಅಂಚಿನಲ್ಲಿದ್ದಳು. ಅವಳ ಕೈ ಸೀರೆಯ ಸೆರಗನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

“ಸರಿಹೋಯ್ತಾ?”

“ಹೋಯ್ತಮ್ಮ. ನಾಳೆ ಆರಾಮಾಗಿ ಹೋಗಿಬನ್ನಿ.”

“ಅದೇನು ಕೆಟ್ಟಿತ್ತು?”

ಆತ ಮೇಡಂ ಕಡೆ ನೋಡಲಿಲ್ಲ. ಚಹಾದ ಲೋಟದೊಳಗೆ ನೋಡುತ್ತ, “ಏನೂ ಇಲ್ಲಮ್ಮ. ಅದರ ಟೈಮ್ ಮುಗಿದಿತ್ತು. ಬ್ಯಾಟರಿ ಅಂದ್ಮೇಲೆ ಹಾಗೇ. ಚೆನ್ನಾಗೇ ಇರುತ್ತೆ, ಒಂದು ದಿನ ಸುಮ್ನೆ ಹೋಗಿಬಿಡುತ್ತೆ. ಯಾರ ತಪ್ಪೂ ಅಲ್ಲ, ಯಾರೇನೂ ಮಾಡೋಕಾಗಲ್ಲ,” ಎಂದ.

ಮೇಡಂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಂಥ ಮನುಷ್ಯ! ಮೊಳೆ, ಚಾಕು, ನೀರು, ರೇಡಿಯೋ ಎಲ್ಲವನ್ನೂ ಆ ಒದ್ದೆ ಬಟ್ಟೆಯ ಹಾಗೆ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಲು ಸಿದ್ಧನಾಗಿದ್ದ. ಜಟ್ಟಿ ಜಾರಿ ಬಿದ್ದಿದ್ದ. ಮೀಸೆಗೆ ಮಣ್ಣಾಗದಂತೆ ಈತ ನೋಡಿಕೊಂಡಿದ್ದ.

ಆದರೆ ತಂಗಿಯ ಕೈ ಸೆರಗಿನ ಮೇಲೆ ನಿಂತುಬಿಟ್ಟಿತು.

“ಕೇಳಿದ್ಯಾ ಅಕ್ಕ?” ಎಂದಳು. ಆ ದನಿಯಲ್ಲಿ ಬೆಳಗಿನ ತುಂಟತನ ಇರಲಿಲ್ಲ. “ಚೆನ್ನಾಗೇ ಇತ್ತಂತೆ. ಸುಮ್ನೆ ಹೋಗಿಬಿಡ್ತಂತೆ. ಯಾರೇನೂ ಮಾಡದೆ. ಕಣ್ಣೂ ಹಾಗೇ ಅಲ್ವಾ? ಡಾಕ್ಟ್ರು ಒಳ್ಳೆಯವರೇ, ಕೈ ಚೆನ್ನಾಗೇ ಇದೆ, ಒಂದು ಸಲ ಸುಮ್ನೆ ಏನೋ ಆಗಿಬಿಟ್ರೆ? ಯಾರ ತಪ್ಪೂ ಅಲ್ಲ ಅಂತಾರೆ. ಈಗ ಮಂಜಾಗಿಯಾದ್ರೂ ನಿನ್ನ ಮುಖ ಕಾಣುತ್ತೆ. ಅದೂ ಹೋಯ್ತು ಅಂದ್ರೆ?”

ಇಷ್ಟು ತಿಂಗಳಲ್ಲಿ ಅವಳು ಹೆದರಿಕೆಯನ್ನು ಹೆದರಿಕೆಯೆಂದು ಹೇಳಿದ್ದು ಇದೇ ಮೊದಲು. ನೆಗಡಿ, ನಲ್ಲಿ, ಟ್ಯಾಕ್ಸಿ ಎಲ್ಲ ಅದರ ಮೇಲೆ ಹೊದಿಸಿದ ಬಟ್ಟೆಗಳು. “ಫೋನ್ ಬಂದ್ರೆ ಬೇಡ ಅಂತೀನಿ ಅಕ್ಕ. ಬೈಬೇಡ.”

ಮೆಕ್ಯಾನಿಕ್ ಲೋಟ ಕೆಳಗಿಟ್ಟ. ತನ್ನ ಒಳ್ಳೆಯ ಮಾತು ಎಲ್ಲಿಗೆ ಹೋಗಿ ನಾಟಿತು ಎಂದು ಅವನಿಗೆ ಅರ್ಥವಾಗಲಿಲ್ಲ. ಮೇಡಂಗೆ ಅರ್ಥವಾಯಿತು. ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ. ಸಮಾಧಾನದ ಮಾತು ಹೇಳಿ ಈ ಆರು ತಿಂಗಳಲ್ಲಿ ಏನೂ ಉಪಯೋಗವಾಗಿರಲಿಲ್ಲ. ಇನ್ನು ಖರ್ಚು ಮಾಡಲು ಅವರ ಬಳಿ ಉಳಿದಿದ್ದದ್ದು ತಮ್ಮ ಮರ್ಯಾದೆ ಒಂದೇ, ಅದೂ ಬೆಳಗಿನಿಂದ ಬಹಳಷ್ಟು ಸವೆದಿತ್ತು.

“ಅದು ಸುಮ್ನೆ ಹೋಗಲಿಲ್ಲ ಕಣೇ,” ಎಂದರು. “ನಾನು ಕೊಂದೆ.”

“ಬಿಡಿ ಮೇಡಂ, ಎಷ್ಟೋ ಜನ...” ಎಂದ ಮೆಕ್ಯಾನಿಕ್.

“ನೀವು ಸುಮ್ನಿರಿ. ನಾನು ಪಾಠ ಮಾಡುವಾಗ ಮಧ್ಯೆ ಮಾತಾಡಬಾರದು.” ತಂಗಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. “ಆ ಮೊಳೆ ಇದೆಯಲ್ಲ, ನಾನು ಹೊಡೆದದ್ದು, ಕೀಲಿಗೆ ಒಂದು ಜಾಗ ಇರಲಿ ಅಂತ ನಿನಗೆ ದಿನಾ ಬೋಧನೆ ಮಾಡ್ತಿದ್ನಲ್ಲ? ಅದರಿಂದ ಗಾಡಿಗೆ ನಾಲ್ಕು ವರ್ಷ ನಿದ್ದೆ ಇಲ್ಲ. ನಾನು ಇಲ್ಲೇ ಇದೀನಿ ಅಂದ್ಕೊಂಡು ಎದ್ದು ಎದ್ದು ಕೂರ್ತಿತ್ತಂತೆ.”

“ಪಾಪ,” ಎಂದಳು ತಂಗಿ, ಯಾರಿಗೆ ಎಂದು ತಿಳಿಯಲಿಲ್ಲ.

“ಇನ್ನೂ ಕೇಳು. ಹೋದ ಶನಿವಾರ ಚಾಕು ಹುಡುಕ್ತಿದ್ದೆಯಲ್ಲ ನೀನು? ಮೊಂಡಾಗಿ ಸಿಕ್ತು ಅಂತ ಕೂಗಾಡಿದೆಯಲ್ಲ? ಅದರಲ್ಲಿ ನಾನು ಬ್ಯಾಟರಿಯ ತಲೆ ಕೆರೆದಿದ್ದೆ. ಮುಚ್ಚಳ ಹುಡುಕೋಕೆ. ಅದಕ್ಕೆ ಮುಚ್ಚಳವೇ ಇಲ್ಲ. ಆದ್ರೂ ನೀರು ಹಾಕಿದೆ.”

“ಮುಚ್ಚಳವಿಲ್ಲದೆ ನೀರು ಎಲ್ಲಿಗೆ ಹಾಕಿದೆ?”

“ಮೇಲಕ್ಕೆ.”

“ಗಿಡಕ್ಕೆ ಹಾಕಿದ ಹಾಗೆ?”

“ಹೂಂ.”

ತಂಗಿಯ ತುಟಿ ಒಂದು ಕಡೆ ನಡುಗಿತು. ಮೆಕ್ಯಾನಿಕ್ ಗೋಡೆಯ ಕಡೆ ತಿರುಗಿಕೊಂಡಿದ್ದ; ಅವನ ಬೆನ್ನು ಸಣ್ಣಗೆ ಕುಲುಕುತ್ತಿತ್ತು.

“ಇವತ್ತು ತಂತಿ ಬಿಚ್ಚಿ, ಬ್ಯಾಟರಿ ಒಳಗೇ ಬಿಟ್ಟು, ನಾನೇ ಡಿಕ್ಕಿ ಮುಚ್ಚಿದೆ. ಬಾಗಿಲು ಮುಚ್ಚಬೇಕು ಅಂತ ನಿಯಮ ಅಲ್ವಾ. ಆಮೇಲೆ...” ಮೇಡಂ ಇಲ್ಲಿ ನಿಂತರು. ಇಷ್ಟರವರೆಗಿನದು ಬುದ್ಧಿಯ ಮಾನ, ಹೋದರೆ ಹೋಗಲಿ. ಮುಂದಿನದು ಬೇರೆ. “ಆಮೇಲೆ ದಿನಾ ಮಧ್ಯಾಹ್ನ ಗಾಡಿ ಒರೆಸ್ತೀನಿ ಅಂತ ಹೋಗ್ತಿದ್ನಲ್ಲ. ಒರೆಸ್ತಿರಲಿಲ್ಲ. ಒಳಗೆ ಕೂತು ರೇಡಿಯೋ ಕೇಳ್ತಿದ್ದೆ. ನೀನು ಮಾತು ನಿಲ್ಲಿಸಲ್ಲ ಅಂತ.”



“ಗೊತ್ತು,” ಎಂದಳು ತಂಗಿ.

“ಏನು ಗೊತ್ತು?”

“ಒರೆಸೋ ಬಟ್ಟೆ ಎರಡು ವರ್ಷದಿಂದ ಒಣಗೇ ಇದೆ, ಅಕ್ಕ. ಒಗೆಯೋಳು ನಾನಲ್ವಾ?” ಅವಳು ಮುಂದಕ್ಕೆ ಬಾಗಿದಳು. “ನೀನು ಬೇಗ ಬಂದುಬಿಡ್ತೀಯೇನೋ ಅಂತ ನಾನು ಇಲ್ಲಿ ಹೆದರ್ತಿದ್ದೆ. ಆ ಒಂದು ಗಂಟೇಲೇ ನನಗೂ ನೆಮ್ಮದಿ. ಫ್ಯೂಸು, ಓಮ್ ನಿಯಮ, ಯಾವ ಪಾಠನೂ ಇಲ್ಲದೆ ಕಾಲು ಚಾಚಿ ಮಲಗ್ತಿದ್ದೆ.”

ಮೊದಲು ನಕ್ಕವನು ಮೆಕ್ಯಾನಿಕ್. ಅವನಿಗೆ ಇನ್ನು ತಡೆಯಲಾಗಲಿಲ್ಲ. ಆಮೇಲೆ ತಂಗಿ. ಅವಳು ನಗುತ್ತ “ಮೇಲಕ್ಕೆ! ಮೇಲಕ್ಕೆ ನೀರು!” ಎಂದು ಕುರ್ಚಿಯ ಕೈಗೆ ಬಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಮೇಡಂ ಪಾಠ ಮುಗಿದವರಂತೆ ಗಂಭೀರವಾಗಿ ಕೂತಿದ್ದರು. ಅದನ್ನು ನೋಡಿ ಅವಳು ಇನ್ನಷ್ಟು ನಕ್ಕಳು.

“ಕಾರಣ ಇಲ್ಲದೆ ಯಾವುದೂ ಕೆಡಲ್ಲ ಅಂತ ಹೇಳೋಕೆ ಹೊರಟೆ,” ಎಂದರು ಮೇಡಂ. “ಆ ಡಾಕ್ಟ್ರು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದಾರೆ. ಅವರು ನನ್ನ ಥರ ಅಲ್ಲ.”

“ಕಣ್ಣಿನ ಮುಚ್ಚಳ ಹುಡುಕಲ್ವಾ?”

“ಇಲ್ಲ.”

ಫೋನ್ ಐದಕ್ಕೆ ಸರಿಯಾಗಿ ರಿಂಗಣಿಸಿತು. ತಂಗಿ ಗಂಟಲು ಸರಿಮಾಡಿಕೊಂಡಳು. ದನಿ ಹಳೆಯ ಎಕ್ಸ್‌ಚೇಂಜಿನದು. “ಹೌದು, ಮಾತಾಡ್ತಿದೀನಿ. ಹೌದು, ನಾಳೆ ಬರ್ತೀವಿ.” ಒಂದು ಕ್ಷಣ ಅಕ್ಕನ ಕಡೆ ನೋಡಿದಳು. “ಗಾಡಿ ಓಡಿಸೋದು ನಮ್ಮಕ್ಕ. ಅದರಿಂದ ಹೊರಡೋದು ಗ್ಯಾರಂಟಿ. ತಲುಪೋದನ್ನ ಅಲ್ಲಿಗೆ ಬಂದಮೇಲೆ ತಿಳಿಸ್ತೀನಿ.”

ತಲುಪಿದರು. ಮರುದಿನ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ತಂಗಿಯನ್ನು ಹಸಿರು ಪರದೆಯ ಆಚೆಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಮೇಡಂ ಈಚೆ ಬೆಂಚಿನ ಮೇಲೆ ಫೈಲು ಹಿಡಿದು ಕೂತರು. ಮೊದಲು ಪರದೆಯಾಚೆ ಏನೂ ಕೇಳಿಸಲಿಲ್ಲ. ಆಮೇಲೆ ತಂಗಿಯ ದನಿ, ಸಣ್ಣಗೆ. ಆಮೇಲೆ ಒಬ್ಬ ನರ್ಸಿನ ನಗು. ಇನ್ನೊಬ್ಬಳದು. ಡಾಕ್ಟರು, “ಅಮ್ಮಾ, ಈಗ ನಗಬೇಡಿ, ಹನಿ ಹೊರಗೆ ಬರುತ್ತೆ,” ಎಂದರು. ಒಂದು ಗಳಿಗೆ ಬಿಟ್ಟು ಅವರದೇ ದನಿ: “ಆಮೇಲೇನಾಯ್ತು?”

ಬೆಂಚಿನ ಇನ್ನೊಂದು ತುದಿಯಲ್ಲಿ ಹೆಂಡತಿಗಾಗಿ ಕಾಯುತ್ತಿದ್ದ ಒಬ್ಬ ಹಿರಿಯರು ಮೇಡಂ ಕಡೆ ವಾಲಿದರು. “ಒಳಗೆ ಯಾರೋ ಬಹಳ ಚೆನ್ನಾಗಿ ಕಥೆ ಹೇಳ್ತಿದಾರಲ್ಲ. ಯಾರ ವಿಷಯ ಅದು?”

“ಯಾರೋ ಫಿಸಿಕ್ಸ್ ಮೇಡಂ ಅಂತೆ,” ಎಂದರು ಮೇಡಂ.

“ಹೆಚ್ಚು ಓದಿದವರೇ ಹೀಗೆ.”

ಮೇಡಂ ಒಪ್ಪಿ ತಲೆಯಾಡಿಸಿ, ಪರದೆಯ ಕಡೆಗೆ ಕಿವಿ ಕೊಟ್ಟರು. ತಂಗಿ ಚಾಕುವಿನ ಪ್ರಸಂಗಕ್ಕೆ ಬಂದಿದ್ದಳು. ಚಾಕು ಒಂದು ಮೊಳ ಉದ್ದವಾಗಿತ್ತು, ನೀರು ಒಂದು ಬಿಂದಿಗೆ ಆಗಿತ್ತು. ತಿದ್ದಬೇಕೆಂದು ಮೇಡಂ ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡರು. ಬೇಕಾದರೆ ಅವಳು ಎರಡು ಬಿಂದಿಗೆ ಎನ್ನಲಿ.